ಶಿಶುವಿಹಾರದ ಟೀಚರ್ ಆಗಬೇಕು: ಎನ್‌ಟಿಟಿ, ಡಿಪಿಎಸ್‌ಇ, ಮಾಂಟೆಸ್ಸರಿ, ಯಾವ ದಾರಿ? ದಾವಣಗೆರೆ, ಚಿತ್ರದುರ್ಗದ ಕಡೆಯವರು ಹೇಳಿ

ನಿಟ್ಟುವಳ್ಳಿ ಅಮ್ಮ:
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಪಿಯುಸಿ ಆರ್ಟ್ಸ್ ಮುಗಿಸಿದ್ದೇನೆ, 58 ಪರ್ಸೆಂಟ್. ಬಿಎಗೆ ಸೇರಿದ್ದೆ, ಮದುವೆಯಾಗಿ ಅದು ಅಲ್ಲಿಗೇ ನಿಂತಿತು. ಮಗಳು ಈಗ ಒಂದನೇ ಕ್ಲಾಸು. ಅವಳು ಎಲ್‌ಕೆಜಿಗೆ ಸೇರಿದಾಗಿನಿಂದ ನಾನೂ ಅದೇ ನರ್ಸರಿಯಲ್ಲಿ ಸಹಾಯಕಿಯಾಗಿದ್ದೇನೆ. ಊಟ ಮಾಡಿಸುವುದು, ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು, ಅಳುವ ಮಕ್ಕಳನ್ನು ಎತ್ತಿಕೊಳ್ಳುವುದು, ಟೀಚರ್ ರಜೆ ಹಾಕಿದ ದಿನ ಕ್ಲಾಸನ್ನೂ ನೋಡಿಕೊಳ್ಳುವುದು.

ಈ ಕೆಲಸ ನನಗೆ ತುಂಬಾ ಇಷ್ಟ. ಆದರೆ ಸುಮ್ನೆ ನೋಡಿ ಕಲಿತದ್ದು ಸಾಲುತ್ತಿಲ್ಲ. ಮೂರೂವರೆ ವರ್ಷದ ಒಂದು ಹುಡುಗಿ ಇದ್ದಾಳೆ, ಶಾಲೆಗೆ ಬಂದರೆ ಒಂದು ಮಾತೂ ಆಡುವುದಿಲ್ಲ. ಏನು ಮಾಡಬೇಕು ಅಂತ ನನಗೂ ಗೊತ್ತಾಗುತ್ತಿಲ್ಲ, ಕ್ಲಾಸ್ ಟೀಚರಿಗೂ ಗೊತ್ತಾಗುತ್ತಿಲ್ಲ. ಸರಿಯಾಗಿ ಕಲಿತು ಟೀಚರ್ ಆಗಬೇಕು ಅಂತ ಮನಸ್ಸು ಮಾಡಿದ್ದೇನೆ. ಊರಲ್ಲಿ ಒಂದು ಕಡೆ ಒಂದು ವರ್ಷದ ಎನ್‌ಟಿಟಿ, ಅಂದರೆ ನರ್ಸರಿ ಟೀಚರ್ ಟ್ರೈನಿಂಗ್, ಅಂತ ಹೇಳಿ 22 ಸಾವಿರ ಕೇಳುತ್ತಿದ್ದಾರೆ, "ಸರ್ಕಾರಿ ಮಾನ್ಯತೆ ಇದೆ" ಅಂದರು. ಫೋನಲ್ಲಿ ಆರು ತಿಂಗಳ ಆನ್‌ಲೈನ್ ಕೋರ್ಸಿನ ಜಾಹೀರಾತು ಬರುತ್ತಲೇ ಇದೆ. ನಾದಿನಿ ಮಾಂಟೆಸ್ಸರಿ ಮಾಡು ಅನ್ನುತ್ತಾಳೆ, ಮಕ್ಕಳು ಸಾಮಗ್ರಿ ಮುಟ್ಟಿ ತಾವೇ ಕಲಿಯುವ ಪದ್ಧತಿಯಂತೆ. ಯಾವುದು ನಿಜವಾಗಿ ಉಪಯೋಗಕ್ಕೆ ಬರುತ್ತದೆ?

ಕೋಟೆನಾಡ ಟೀಚರ್:
ಅಕ್ಕ, ದುಡ್ಡು ಕಟ್ಟುವ ಮುಂಚೆ ಒಂದು ವಾರ ತಡೆಯಿರಿ. "ಸರ್ಕಾರಿ ಮಾನ್ಯತೆ" ಅಂದವರನ್ನು ಕೇಳಬೇಕಾದ್ದು ಒಂದೇ ಪ್ರಶ್ನೆ: ಯಾರ ಮಾನ್ಯತೆ? ಟ್ರಸ್ಟ್ ನೋಂದಣಿ ಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಅದು ಕೋರ್ಸಿಗೆ ಸಿಕ್ಕ ಮಾನ್ಯತೆ ಆಗುವುದಿಲ್ಲ. ಐಎಸ್‌ಒ ಸರ್ಟಿಫಿಕೇಟೂ ಅಷ್ಟೇ.

ನಮ್ಮ ದೇಶದಲ್ಲಿ ಶಿಕ್ಷಕರ ತರಬೇತಿಗೆ ಮಾನ್ಯತೆ ಕೊಡುವುದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಎನ್‌ಸಿಟಿಇ. 1993ರ ಕಾಯ್ದೆಯಿಂದ ಬಂದ ಸಂಸ್ಥೆ. ಅದರ 17ನೇ ಸೆಕ್ಷನ್ ಏನು ಹೇಳುತ್ತದೆ ಅಂದರೆ, ಪರಿಷತ್ತಿನ ಮಾನ್ಯತೆ ಇಲ್ಲದ ಕಡೆ ಪಡೆದ ಶಿಕ್ಷಕ ತರಬೇತಿ ಅರ್ಹತೆ ಸರ್ಕಾರಿ ಕೆಲಸಕ್ಕೂ ಅನುದಾನಿತ ಶಾಲೆಯ ಕೆಲಸಕ್ಕೂ ನಡೆಯುವುದಿಲ್ಲ. ಪರಿಷತ್ತು 2014ರಲ್ಲಿ ಹೊರಡಿಸಿದ ನಿಯಮಗಳಲ್ಲಿ ಚಿಕ್ಕ ಮಕ್ಕಳ ಶಿಕ್ಷಕರಿಗೆ ಅಂತಲೇ ಒಂದು ಕೋರ್ಸ್ ಇದೆ. ಅದೇ ಡಿಪಿಎಸ್‌ಇ, ಅಂದರೆ ಡಿಪ್ಲೊಮಾ ಇನ್ ಪ್ರೀಸ್ಕೂಲ್ ಎಜುಕೇಷನ್. ಎರಡು ವರ್ಷ, ರೆಗ್ಯುಲರ್ ಕ್ಲಾಸು, ಪಿಯುಸಿಯಲ್ಲಿ 50 ಪರ್ಸೆಂಟ್ ಬೇಕು. ನಿಮ್ಮ 58 ಸಾಕು.

ನನ್ನ ತಂಗಿ ಹೀಗೇ ಒಂದು ಕಡೆ ಎನ್‌ಟಿಟಿ ಮಾಡಿದಳು, ಹೆಸರು ಹೇಳುವುದು ಬೇಡ. ವರ್ಷವಿಡೀ ಚಾರ್ಟ್ ಅಂಟಿಸಿದ್ದು, ಥರ್ಮೋಕೋಲ್ ಕತ್ತರಿಸಿದ್ದು ಬಿಟ್ಟರೆ ಒಂದೇ ಒಂದು ದಿನ ಮಕ್ಕಳ ಕ್ಲಾಸಿಗೆ ಕಳಿಸಲಿಲ್ಲ. ಸರ್ಟಿಫಿಕೇಟು ಮಾತ್ರ ದಪ್ಪ ಕಾಗದದಲ್ಲಿ ಬಂತು. ಆ ದುಡ್ಡನ್ನು ಅವಳು ಶೇಂಗಾ ಬಿಡಿಸಿ ಕೂಡಿಟ್ಟಿದ್ದಳು. ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಡಿಎಲ್‌ಇಡಿ ಹುಡುಗ:
ನಾನು ಡಿಎಲ್‌ಇಡಿ, ಅಂದರೆ ಪ್ರಾಥಮಿಕ ಶಾಲೆ ಶಿಕ್ಷಕರ ಡಿಪ್ಲೊಮಾ, ಎರಡನೇ ವರ್ಷ. ಡಿಪಿಎಸ್‌ಇ ಬಗ್ಗೆ ಟೀಚರ್ ಹೇಳಿದ್ದು ಸರಿ. ಅದಕ್ಕೂ ನಮ್ಮ ಡಿಎಲ್‌ಇಡಿಗೂ ಅರ್ಜಿ ಕರೆಯುವುದು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ. ಆದರೆ ಡಿಪಿಎಸ್‌ಇ ಕಾಲೇಜು ಎಲ್ಲ ಜಿಲ್ಲೆಗಳಲ್ಲೂ ಇಲ್ಲ, ಅದಕ್ಕೆ ಆ ವರ್ಷದ ಪಟ್ಟಿಯನ್ನೇ ನೋಡಬೇಕು. ನಿಮ್ಮೂರ ಡಯಟ್‌ಗೆ, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ, ಹೋಗಿ ಕೇಳಿದರೆ ಹೇಳುತ್ತಾರೆ. ದಾವಣಗೆರೆಯಲ್ಲೂ ಇದೆ, ಚಿತ್ರದುರ್ಗದಲ್ಲೂ ಇದೆ.

ಇನ್ನೊಂದು ವಿಷಯ. ಡಿಎಲ್‌ಇಡಿ ಮಾಡಿ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಪಾಸಾದರೆ ಒಂದರಿಂದ ಐದರವರೆಗೆ ಪಾಠ ಮಾಡಬಹುದು. 2020ರ ಹೊಸ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನ ವಯಸ್ಸನ್ನು ಒಂದೇ ಹಂತ ಅಂತ ಹಿಡಿದಿದೆ. ಅಂಗನವಾಡಿ ಅಥವಾ ನರ್ಸರಿಯ ಮೂರು ವರ್ಷ, ಜೊತೆಗೆ ಒಂದು ಮತ್ತು ಎರಡನೇ ಕ್ಲಾಸು. ಹಾಗಾಗಿ ಒಂದನೇ ಕ್ಲಾಸಿನ ಮೇಷ್ಟ್ರಿಗೂ ಈ ವಯಸ್ಸಿನ ತಿಳಿವಳಿಕೆ ಬೇಕೇ ಬೇಕು. ಆದರೆ ನಮ್ಮ ಕೋರ್ಸಿನ ಒತ್ತು ಪ್ರಾಥಮಿಕ ಶಾಲೆಯ ಮೇಲೆ. ಮೂರು ವರ್ಷದ ಮಗುವಿನ ಜೊತೆ ಅರ್ಧ ದಿನ ಕಳೆಯುವುದು ಹೇಗೆ ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಹರಿಹರದ ಅಪ್ಪ:
ನಾನು ತಂದೆ, ಟೀಚರ್ ಅಲ್ಲ. ನನ್ನ ಅನುಮಾನ ಇಷ್ಟೇ. ಎರಡು ವರ್ಷ ಓದಿ ಅ, ಆ, ಎ, ಬಿ ಹೇಳಿಕೊಡುವುದಕ್ಕೆ ಇಷ್ಟೊಂದು ತರಬೇತಿ ಬೇಕಾ? ಮಕ್ಕಳನ್ನು ಸಾಕಿದ ತಾಯಿಗೆ ಇದೆಲ್ಲ ಗೊತ್ತೇ ಇರುತ್ತದೆ ಅಲ್ವಾ? ತಪ್ಪು ತಿಳಿಯಬೇಡಿ, ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ಚಳ್ಳಕೆರೆ ನಿವೃತ್ತ ಮೇಲ್ವಿಚಾರಕಿ:
ಸರ್, ಒಳ್ಳೆಯ ಪ್ರಶ್ನೆ ಕೇಳಿದಿರಿ. ನನ್ನ ಸೇವೆಯ ಉದ್ದಕ್ಕೂ ಅಧಿಕಾರಿಗಳೂ ಇದನ್ನೇ ಕೇಳಿದ್ದಾರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತಾದಾಗ ಓದಿ.

ತಾಯಿಗೆ ತನ್ನ ಒಂದು ಮಗು ಗೊತ್ತು, ಎರಡು ಮಗು ಗೊತ್ತು. ಟೀಚರ್ ಮುಂದೆ ಒಂದೇ ಸಲಕ್ಕೆ ಇಪ್ಪತ್ತು, ಮೂವತ್ತು ಮಕ್ಕಳು. ಒಬ್ಬ ಕಚ್ಚುತ್ತಾನೆ. ಒಬ್ಬಳು ಚಡ್ಡಿ ಒದ್ದೆ ಮಾಡಿಕೊಂಡು ಹೇಳಲು ನಾಚಿ ಮೂಲೆಯಲ್ಲಿ ನಿಂತಿರುತ್ತಾಳೆ. ಒಬ್ಬನಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಎಲ್ಲರೂ ಅವನನ್ನು ಹಟಮಾರಿ ಅಂತ ಬೈಯುತ್ತಾರೆ. ಅದೇ ವಯಸ್ಸಿನ ಮಕ್ಕಳಲ್ಲಿ ಯಾವುದು ಸಹಜ, ಯಾವುದು ತಡ, ಯಾವುದಕ್ಕೆ ಡಾಕ್ಟರ ಹತ್ತಿರ ಕಳಿಸಬೇಕು ಅಂತ ಬೇರೆ ಮಾಡುವ ಕಣ್ಣು ತಾನಾಗಿ ಬರುವುದಿಲ್ಲ. ಅದನ್ನು ಕಲಿಯಬೇಕು. ಮೆದುಳಿನ ಬೆಳವಣಿಗೆಯ ಶೇ 85ಕ್ಕಿಂತ ಹೆಚ್ಚು ಭಾಗ ಆರು ವರ್ಷದೊಳಗೇ ಆಗುತ್ತದೆ ಅಂತ ಶಿಕ್ಷಣ ನೀತಿಯಲ್ಲೇ ಬರೆದಿದೆ. ಆ ವಯಸ್ಸಿನ ಮಕ್ಕಳನ್ನು ಯಾರಾದರೂ ನೋಡಿಕೊಂಡರಾಯಿತು ಅಂತ ಬಿಡಬಾರದು, ಅಲ್ವಾ?

ನಿಟ್ಟುವಳ್ಳಿ ತಂಗಿ, ನಿಮ್ಮ ಮಾತಾಡದ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಮೊದಲು ಕೇಳಬೇಕಾದ್ದು ಮನೆಯಲ್ಲಿ ಯಾವ ಭಾಷೆ ಅಂತ. ಚಳ್ಳಕೆರೆ, ಮೊಳಕಾಲ್ಮುರು ಕಡೆ ತೆಲುಗು ಮಾತಾಡುವ ಮನೆಗಳು ಜಾಸ್ತಿ. ತಾಂಡಾಗಳಲ್ಲಿ ಲಂಬಾಣಿ. ಊರೊಳಗೆ ಉರ್ದು. ಮನೆಯಲ್ಲಿ ಪಟಪಟ ಅಂತ ಮಾತಾಡುವ ಮಗು, ಕನ್ನಡ, ಇಂಗ್ಲಿಷ್ ಮಾತ್ರ ಕೇಳಿಸುವ ಕ್ಲಾಸಿಗೆ ಬಂದಾಗ ಕೆಲವು ತಿಂಗಳು ಸುಮ್ಮನಿರಬಹುದು. ಆ ಸಮಯದಲ್ಲಿ ಅದು ಕೇಳಿಸಿಕೊಳ್ಳುತ್ತಿರುತ್ತದೆ. ಎಲ್ಲರ ಮುಂದೆ ನಿಲ್ಲಿಸಿ "ಹೇಳು, ಹೇಳು" ಅಂದರೆ ಇನ್ನೂ ಮುದುಡಿಕೊಳ್ಳುತ್ತದೆ. ಅದರ ಭಾಷೆಯ ನಾಲ್ಕು ಮಾತು ನೀವು ಕಲಿಯಿರಿ. ನೀರು, ಊಟ, ಬಾ, ನೋವು. ಇಷ್ಟು ಸಾಕು ಶುರು ಮಾಡಲು. ಹಾಡು, ಕುಣಿತ, ಚಪ್ಪಾಳೆಯಲ್ಲಿ ಸೇರಿಸಿಕೊಳ್ಳಿ, ಅಲ್ಲಿ ಮಾತು ಬೇಡ. ಇದರ ಜೊತೆಗೇ ಕಿವಿ ಪರೀಕ್ಷೆ ಆಗಿದೆಯಾ ಅಂತ ತಾಯಿಯನ್ನು ಕೇಳಿ. ಅಂಗನವಾಡಿಗಾದರೆ ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ ಆರ್‌ಬಿಎಸ್‌ಕೆಯ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ನೋಡುತ್ತದೆ. ಖಾಸಗಿ ನರ್ಸರಿಯಲ್ಲಿ ಆ ಅನುಕೂಲ ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹೇಳಿ. ಮಾತು, ಕಿವಿಯ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ದೊಡ್ಡ ಆಸರೆ.

ಅಂಗನವಾಡಿ ತರಬೇತಿ ಬಗ್ಗೆ ಒಂದು ಮಾತು. ಅಂಗನವಾಡಿಗಳನ್ನು ನಡೆಸುವ ಯೋಜನೆ ಐಸಿಡಿಎಸ್ ಶುರುವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಆರು ಸೇವೆ ಅಂತ ಲೆಕ್ಕ: ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ. ಕೆಲಸ ನೋಡಿದವರಿಗೆ ಗೊತ್ತು, ಇದರಲ್ಲಿ ಮೊದಲು ಹಿಂದೆ ಬೀಳುವುದು ಶಿಕ್ಷಣವೇ. ತೂಕ ಮಾಡು, ರಿಜಿಸ್ಟರ್ ಬರಿ, ಪೋಷಣ್ ಟ್ರ್ಯಾಕರ್ ಆ್ಯಪಿಗೆ ಅಪ್‌ಲೋಡ್ ಮಾಡು, ಸರ್ವೆಗೆ ಹೋಗು. ಇಷ್ಟರ ನಡುವೆಯೂ ಚಾಪೆ ಹಾಸಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಥೆ ಹೇಳುವ ಕಾರ್ಯಕರ್ತೆಯರನ್ನು ನಾನು ಹಟ್ಟಿಹಟ್ಟಿಗಳಲ್ಲಿ ನೋಡಿದ್ದೇನೆ. ಅವರ ಮೇಲೆ ನನಗೆ ಬಹಳ ಗೌರವ. ಹೊಸ ನೀತಿಯಲ್ಲಿ ಪಿಯುಸಿ ಮತ್ತು ಮೇಲೆ ಓದಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸು, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಅಂತ ಬರೆದಿದ್ದಾರೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ "ಪೋಷಣ್ ಭೀ ಪಢಾಯಿ ಭೀ" ಅಂತ ತರಬೇತಿ ಶುರು ಮಾಡಿತು. ಮೂರು ವರ್ಷದೊಳಗಿನವರಿಗೆ ನವಚೇತನ, ಮೂರರಿಂದ ಆರು ವರ್ಷದವರಿಗೆ ಆಧಾರಶಿಲಾ ಅನ್ನುವ ಚಟುವಟಿಕೆ ಪುಸ್ತಕಗಳು ಬಂದವು. ಪುಸ್ತಕ ಚೆನ್ನಾಗಿವೆ. ಅದನ್ನು ಮಕ್ಕಳ ಮುಂದೆ ಮಾಡಿ ತೋರಿಸುವವರು ಪಕ್ಕದಲ್ಲಿ ಇರಬೇಕು, ಅದು ನನ್ನ ಆಸೆ.

ಹರಿಹರದ ಅಪ್ಪ:
ಮೇಡಂ, ಇಷ್ಟು ವಿವರವಾಗಿ ಹೇಳಿದ್ದಕ್ಕೆ ಧನ್ಯವಾದ. ಕಿವಿ ಕೇಳಿಸದ ಮಗುವನ್ನು ಹಟಮಾರಿ ಅನ್ನುವ ಮಾತು ಮನಸ್ಸಿಗೆ ತಟ್ಟಿತು.

ಮೆಲ್ಬರ್ನ್‌ನಲ್ಲಿರುವ ದಾವಣಗೆರೆಯವಳು:
ನಾನು ಹುಟ್ಟಿ ಬೆಳೆದದ್ದು ವಿನೋಬನಗರದಲ್ಲಿ. ಈಗ ಆಸ್ಟ್ರೇಲಿಯಾದಲ್ಲಿ ಚೈಲ್ಡ್‌ಕೇರ್ ಸೆಂಟರಿನಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಹೇಗೆ ಕಲಿಸುತ್ತಾರೆ ಅಂತ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು.

ಇಲ್ಲಿ ಮೂರು ಮೆಟ್ಟಿಲು. ಸರ್ಟಿಫಿಕೇಟ್ 3, ಆಮೇಲೆ ಡಿಪ್ಲೊಮಾ, ಅದರ ಮೇಲೆ ಡಿಗ್ರಿ ಮಾಡಿದ ಟೀಚರ್. ಸರ್ಟಿಫಿಕೇಟ್ 3 ಸಿಗಬೇಕಾದರೆ ನಿಜವಾದ ಸೆಂಟರಿನಲ್ಲಿ ಮಕ್ಕಳ ಜೊತೆ ಕಡಿಮೆ ಅಂದರೆ 160 ಗಂಟೆ ಕೆಲಸ ಮಾಡಿರಬೇಕು. ಡಿಪ್ಲೊಮಾಕ್ಕೆ 280 ಗಂಟೆ. ಮನೆಯಲ್ಲಿ ಕೂತು ವಿಡಿಯೋ ನೋಡಿ ಪಾಸಾಗಲು ಬರುವುದಿಲ್ಲ. ಪರೀಕ್ಷಕರು ಬಂದು ನಾವು ಡೈಪರ್ ಬದಲಿಸುವುದು, ಊಟ ಕೊಡುವುದು, ಅಳುವ ಮಗುವಿನ ಜೊತೆ ಮಾತಾಡುವುದನ್ನು ಕಣ್ಣಾರೆ ನೋಡಿಯೇ ಸಹಿ ಹಾಕುತ್ತಾರೆ. ಮಕ್ಕಳ ಜೊತೆ ಕೆಲಸ ಮಾಡುವವರ ಹಿನ್ನೆಲೆ ತಪಾಸಣೆ ಕಡ್ಡಾಯ. ಪ್ರಥಮ ಚಿಕಿತ್ಸೆ, ಅಸ್ತಮಾ, ಅಲರ್ಜಿಯ ತರಬೇತಿ ಆದವರು ಸೆಂಟರಿನಲ್ಲಿ ಇರಲೇಬೇಕು. ಎರಡು ವರ್ಷದೊಳಗಿನ ನಾಲ್ಕು ಮಕ್ಕಳಿಗೆ ಒಬ್ಬರು. ಇದು 2012ರಿಂದ ಇಡೀ ದೇಶಕ್ಕೆ ಒಂದೇ ನಿಯಮವಾಗಿ ಬಂದದ್ದು.

ಹಾಗಂತ ಎಲ್ಲರೂ ಇಲ್ಲಿಗೆ ಬನ್ನಿ ಅಂತ ಹೇಳುತ್ತಿಲ್ಲ. ಊರಲ್ಲಿ ಯಾವ ಕೋರ್ಸಿಗೆ ಸೇರಿದರೂ ಈ ಪ್ರಶ್ನೆ ಕೇಳಿ: ಎಷ್ಟು ಗಂಟೆ ಮಕ್ಕಳ ಜೊತೆ ಇರುತ್ತೇನೆ, ಯಾರು ನನ್ನನ್ನು ಗಮನಿಸಿ ತಿದ್ದುತ್ತಾರೆ? ಉತ್ತರ ಬರದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಕೋಟೆನಾಡ ಟೀಚರ್:
ನೂರಕ್ಕೆ ನೂರು ನಿಜ. ತಂಗಿಗೆ ಮೋಸ ಆದದ್ದು ಅಲ್ಲೇ. ಆನ್‌ಲೈನ್ ಕೋರ್ಸಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ.

ಎಂಸಿಸಿ ಬ್ಲಾಕ್ ನರ್ಸರಿ ನಡೆಸುವವರು:
ನಾನು ಒಂದು ಚಿಕ್ಕ ನರ್ಸರಿ ನಡೆಸುತ್ತೇನೆ. ನಮ್ಮ ಕಡೆಯ ಕಷ್ಟವನ್ನೂ ಕೇಳಿ. ಡಿಪಿಎಸ್‌ಇ ಮಾಡಿದವರೇ ಬೇಕು ಅಂದರೆ ಸಿಗುವುದಿಲ್ಲ. ಎನ್‌ಟಿಟಿ ಮಾಡಿದವರು ಬರುತ್ತಾರೆ, ಅದರಲ್ಲೂ ಒಳ್ಳೆಯವರು ಇದ್ದಾರೆ. ನಾನು ಸರ್ಟಿಫಿಕೇಟ್ ನೋಡುವುದಕ್ಕಿಂತ ಒಂದು ಬೆಳಿಗ್ಗೆ ಮಕ್ಕಳ ಜೊತೆ ಬಿಟ್ಟು ನೋಡುತ್ತೇನೆ. ನೆಲಕ್ಕೆ ಕೂತು ಮಗುವಿನ ಕಣ್ಣಿನ ಮಟ್ಟಕ್ಕೆ ಬಂದು ಮಾತಾಡುತ್ತಾರಾ, ಇಲ್ಲ ನಿಂತೇ ಕೂಗುತ್ತಾರಾ? ಅಷ್ಟರಲ್ಲೇ ಬಹಳ ತಿಳಿಯುತ್ತದೆ.

ಆದರೆ ತಂದೆ ತಾಯಿ ಬಂದು ಜೂನ್ ಮುಗಿಯುವುದರೊಳಗೆ "ಇನ್ನೂ ಬರೆಯೋಕೆ ಶುರು ಮಾಡಿಲ್ವಾ?" ಅಂತ ಕೇಳುತ್ತಾರೆ. ಪಕ್ಕದ ಶಾಲೆಯ ಎಲ್‌ಕೆಜಿ ಮಗು ನೂರರವರೆಗೆ ಬರೆಯುತ್ತದಂತೆ. ಬರೆಸದಿದ್ದರೆ ಮಗುವನ್ನು ಬಿಡಿಸಿಕೊಂಡು ಹೋಗುತ್ತಾರೆ. ತರಬೇತಿ ಆದ ಟೀಚರ್ ಬಂದು "ಈಗಲೇ ಬರೆಸಬಾರದು ಮೇಡಂ" ಅಂದರೆ ನಾನು ಯಾರ ಮಾತು ಕೇಳಲಿ?

ಮಾಂಟೆಸ್ಸರಿ ಕಲಿತವಳು:
ಮೇಡಂ, ಟೀಚರ್ ಮಾತು ಕೇಳಿ. ದಯವಿಟ್ಟು ಕೇಳಿ. ಮೂರು ವರ್ಷದ ಮಗುವಿನ ಬೆರಳಿನ ಸ್ನಾಯು ಇನ್ನೂ ಬಲಿತಿರುವುದಿಲ್ಲ. ಆ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ. ಆಗಲೇ ಸಾಲು ಸಾಲು ಬರೆಸಿದರೆ ಹಿಡಿತ ಕೆಡುತ್ತದೆ, ಕೈ ನೋಯುತ್ತದೆ, ಬರವಣಿಗೆ ಅಂದರೆ ಬೇಸರ ಹುಟ್ಟುತ್ತದೆ. ಅದಕ್ಕೂ ಮುಂಚೆ ಹಿಟ್ಟು ನಾದುವುದು, ಕಾಳು ಆರಿಸುವುದು, ಗುಂಡಿ ಹಾಕುವುದು, ಮಣಿ ಪೋಣಿಸುವುದು, ಲೋಟದಿಂದ ಲೋಟಕ್ಕೆ ನೀರು ಬಗ್ಗಿಸುವುದು. ಇದೆಲ್ಲ ಬರವಣಿಗೆಗೆ ತಯಾರಿಯೇ. 2022ರ ಅಕ್ಟೋಬರಿನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಆಟದ ಮೂಲಕವೇ ಕಲಿಕೆ ಅನ್ನುತ್ತದೆ. ತಂದೆ ತಾಯಿಗೆ ಒಂದು ಶನಿವಾರ ಕರೆದು ಇದನ್ನು ಮಾಡಿ ತೋರಿಸಿ. ಬಾಯಲ್ಲಿ ಹೇಳಿದರೆ ನಂಬುವುದಿಲ್ಲ. ಅವರ ಕೈಯಲ್ಲೇ ಚಿಮಟಿಗೆಯಿಂದ ಕಡಲೆಕಾಳು ಎತ್ತಿಸಿ, ಯಾವ ಬೆರಳು ಕೆಲಸ ಮಾಡುತ್ತದೆ ಅಂತ ಗೊತ್ತಾಗುತ್ತದೆ.

ಈಗ ಮಾಂಟೆಸ್ಸರಿ ಬಗ್ಗೆ, ಅಕ್ಕ. ನಾನು ಬೆಂಗಳೂರಿನಲ್ಲಿ ಇದ್ದು ಕಲಿತೆ. ಮರಿಯಾ ಮಾಂಟೆಸ್ಸರಿ ತಮ್ಮ ಮೊದಲ ಮಕ್ಕಳ ಮನೆ ತೆರೆದದ್ದು 1907ರಲ್ಲಿ, ರೋಮಿನ ಸ್ಯಾನ್ ಲೊರೆಂಜೊ ಅನ್ನುವ ಬಡ ಕೂಲಿಕಾರರ ಬಡಾವಣೆಯಲ್ಲಿ. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ಇಲ್ಲಿನ ಟೀಚರುಗಳಿಗೇ ತರಬೇತಿ ಕೊಟ್ಟರು. ಬಡ ಮಕ್ಕಳಿಗಾಗಿ ಹುಟ್ಟಿದ್ದು ಇವತ್ತು ನಮ್ಮಲ್ಲಿ ದುಬಾರಿ ಶಾಲೆಗಳ ಬೋರ್ಡಿನಲ್ಲೇ ಜಾಸ್ತಿ ಕಾಣುತ್ತದೆ. ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು, ಹಾಗಾಗಿ ಕೋರ್ಸಿಗೆ ಸೇರುವಾಗ ಹುಷಾರು. ಮಾಂಟೆಸ್ಸರಿಯವರೇ 1929ರಲ್ಲಿ ಕಟ್ಟಿದ ಅಂತರರಾಷ್ಟ್ರೀಯ ಸಂಘ ಎಎಂಐ. ಅದರ ಡಿಪ್ಲೊಮಾ ಆದರೆ ಎಲ್ಲ ಕಡೆ ಬೆಲೆ ಇದೆ. ಉಳಿದವಾದರೆ ಸಾಮಗ್ರಿ ಮುಟ್ಟಿ ಕಲಿಯಲು ಬಿಡುತ್ತಾರಾ ಅಂತ ಹೋಗಿ ನೋಡಿ. ಗುಲಾಬಿ ಗೋಪುರ ಅಂತ ಹತ್ತು ಮರದ ಘನಗಳು ಇರುತ್ತವೆ, ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ. ಅದನ್ನು ಮಾತಿಲ್ಲದೆ, ನಿಧಾನವಾಗಿ ಮಗುವಿಗೆ ಕಟ್ಟಿ ತೋರಿಸುವುದನ್ನೇ ನಾವು ಎಷ್ಟೋ ದಿನ ಅಭ್ಯಾಸ ಮಾಡಿದ್ದೆವು. ಫೋಟೋ ನೋಡಿ ಬರುವ ವಿದ್ಯೆ ಅಲ್ಲ. ಆದರೆ ಸರ್ಕಾರಿ ಕೆಲಸ ನಿಮ್ಮ ಗುರಿಯಾದರೆ ಮಾಂಟೆಸ್ಸರಿ ಡಿಪ್ಲೊಮಾ ಎನ್‌ಸಿಟಿಇ ಕೋರ್ಸಿನ ಜಾಗ ತುಂಬುವುದಿಲ್ಲ.

ಚಳ್ಳಕೆರೆ ನಿವೃತ್ತ ಮೇಲ್ವಿಚಾರಕಿ:
ಮಾಂಟೆಸ್ಸರಿ ತಂಗಿ ಬರೆದದ್ದು ಚೆನ್ನಾಗಿದೆ. ದುಬಾರಿ ಸಾಮಗ್ರಿ ಇಲ್ಲದೆಯೂ ಇದನ್ನು ಮಾಡಿದವರು ನಮ್ಮ ದೇಶದಲ್ಲೇ ಇದ್ದರು. ಗಿಜುಭಾಯಿ ಬಧೇಕಾ 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ಶುರು ಮಾಡಿದರು. ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಅನುತಾಯಿ ವಾಘ್ ಜೊತೆ ಸೇರಿ ಹಳ್ಳಿ ಮಕ್ಕಳ ಬಾಲವಾಡಿ ಕಟ್ಟಿದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಅವರ ಕೇರಿಯ ಅಂಗಳಕ್ಕೇ ಹೋಗಿ ಕಲಿಸಿದರು. ಎಲೆ, ಬೀಜ, ಕಲ್ಲು, ಮಣ್ಣು, ಅವೇ ಸಾಮಗ್ರಿ.

ಬೀಜ ಅಂದಾಗ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಜಿಲ್ಲೆಯಲ್ಲಿ ಶೇಂಗಾ ಎಲ್ಲರ ಮನೆಯಲ್ಲೂ ಇರುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಶೇಂಗಾ, ಹುಣಸೆಬೀಜ, ಮಣಿ ಕೊಡಬೇಡಿ. ಮೂಗಿಗೆ ತುರುಕಿಕೊಳ್ಳುತ್ತಾರೆ, ಗಂಟಲಿಗೆ ಸಿಕ್ಕಿಸಿಕೊಳ್ಳುತ್ತಾರೆ. ದೊಡ್ಡ ಮಕ್ಕಳಿಗೂ ನೀವು ಪಕ್ಕದಲ್ಲಿ ಕೂತಿದ್ದಾಗ ಮಾತ್ರ. ಒಂದು ವರ್ಷದೊಳಗಿನ ಕೂಸಿನ ಗಂಟಲಿಗೆ ಏನಾದರೂ ಸಿಕ್ಕಿ ಉಸಿರು, ಅಳು ನಿಂತರೆ, ತಲೆ ಕೆಳಗಾಗುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿನ ಮೇಲೆ ಅಂಗೈಯಿಂದ ಐದು ಸಲ ತಟ್ಟಬೇಕು. ಹೋಗದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಸಲ ಒತ್ತಬೇಕು. ಬಾಯೊಳಗೆ ಕಾಣದ ವಸ್ತುವಿಗೆ ಬೆರಳು ಹಾಕಿ ಹುಡುಕಬಾರದು, ಇನ್ನೂ ಒಳಗೆ ಹೋಗುತ್ತದೆ. ಜೊತೆಗಿದ್ದವರು 108ಕ್ಕೆ ಫೋನ್ ಮಾಡಬೇಕು. ಇದನ್ನು ಓದಿ ಬಿಡಬೇಡಿ, ಗೊಂಬೆ ಇಟ್ಟುಕೊಂಡು ಮಾಡಿ ಕಲಿಯಿರಿ. ಇದನ್ನು ಕಲಿಸದ ಶಿಶು ತರಬೇತಿ ಕೋರ್ಸು ನನ್ನ ಮಟ್ಟಿಗೆ ಅರ್ಧ ಕೋರ್ಸು.

ಹಾಗೆಯೇ ಮಗುವಿನ ಮೈಮೇಲೆ ಅನುಮಾನ ಬರುವ ಗಾಯ ಕಂಡರೆ, ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಮುಚ್ಚಿಡಬಾರದು. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಗೊತ್ತಾದವರು ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098.

ಡಿಎಲ್‌ಇಡಿ ಹುಡುಗ:
ಮೇಡಂ, ಗಂಡಸರು ಈ ಕೆಲಸ ಮಾಡಬಹುದಾ? ನಮ್ಮ ಹೊಸದುರ್ಗದ ಹಳ್ಳಿಯಲ್ಲಿ ಚಿಕ್ಕ ಮಕ್ಕಳು ಅಂದರೆ ನನಗೆ ಮೊದಲಿಂದಲೂ ಪ್ರಾಣ. ಮನೆಯಲ್ಲಿ ಹೇಳಿದರೆ "ಅದು ಹೆಣ್ಣುಮಕ್ಕಳ ಕೆಲಸ" ಅಂದರು.

ಚಳ್ಳಕೆರೆ ನಿವೃತ್ತ ಮೇಲ್ವಿಚಾರಕಿ:
ಮಾಡಬಹುದಪ್ಪ, ಖಂಡಿತ. ಅಂಗನವಾಡಿ ಕಾರ್ಯಕರ್ತೆ ಹುದ್ದೆ ಮಹಿಳೆಯರಿಗೆ ಮಾತ್ರ. ಡಿಪಿಎಸ್‌ಇ, ನರ್ಸರಿ, ಒಂದನೇ ಕ್ಲಾಸು ಎಲ್ಲರಿಗೂ ತೆರೆದಿದೆ. ಆಗಲೇ ಹೇಳಿದ ಗಿಜುಭಾಯಿ ವಕೀಲರಾಗಿದ್ದವರು. ಮಗ ಹುಟ್ಟಿದ ಮೇಲೆ ಈ ಕಡೆ ತಿರುಗಿದರು. ಮಕ್ಕಳು ಅವರನ್ನು ಮೀಸೆ ಇರುವ ಅಮ್ಮ ಅಂತ ಕರೆಯುತ್ತಿದ್ದರು. ನಿಮ್ಮ ಮನೆಯಲ್ಲಿ ಇದನ್ನು ಹೇಳಿ.

ನಿಟ್ಟುವಳ್ಳಿ ಅಮ್ಮ:
ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಆ ಹುಡುಗಿಯ ತಾಯಿಯನ್ನು ಮಾತಾಡಿಸಿದೆ. ಮನೆಯಲ್ಲಿ ಲಂಬಾಣಿಯಂತೆ. ಅಜ್ಜಿ ತಾಂಡಾದಿಂದ ಬಂದು ಇವರ ಜೊತೆಯೇ ಇದ್ದಾರೆ, ಮಗು ಅಜ್ಜಿ ಜೊತೆ ದಿನವಿಡೀ ಮಾತಾಡುತ್ತದಂತೆ. ಕಿವಿ ಪರೀಕ್ಷೆಯನ್ನೂ ಮಾಡಿಸುತ್ತೇವೆ ಅಂದರು. ಅಜ್ಜಿಯ ಹತ್ತಿರ ಕೆಲವು ಮಾತು ಬರೆದುಕೊಂಡೆ. ಕ್ಲಾಸ್ ಟೀಚರಿಗೂ ಹೇಳಿದೆ.

ಕೋರ್ಸಿನ ವಿಷಯಕ್ಕೆ, ಎನ್‌ಟಿಟಿಯವರಿಗೆ ಫೋನ್ ಮಾಡಿ ಎನ್‌ಸಿಟಿಇ ಮಾನ್ಯತೆ ಪತ್ರ ತೋರಿಸಿ ಅಂದೆ. "ಅದು ನರ್ಸರಿಗೆ ಬೇಕಾಗಿಲ್ಲ" ಅಂದರು. ಮಕ್ಕಳ ಜೊತೆ ಎಷ್ಟು ದಿನ ಅಂತ ಕೇಳಿದರೆ "ಕೊನೇಲಿ ನೋಡೋಣ" ಅಂದರು. ಅಲ್ಲಿಗೆ ಸೇರುವುದಿಲ್ಲ ಅಂತ ತೀರ್ಮಾನ ಮಾಡಿದೆ. ಆದರೆ ಡಿಪಿಎಸ್‌ಇ ಎರಡು ವರ್ಷ ರೆಗ್ಯುಲರ್ ಅಂದರೆ ಕೆಲಸ ಬಿಡಬೇಕು. ಈ ಕೆಲಸದಿಂದ ತಿಂಗಳಿಗೆ ಬರುವ ಆರು ಸಾವಿರದಲ್ಲೇ ಮಗಳ ಫೀಸು ಕಟ್ಟುವುದು. ಕೆಲಸ ಮಾಡುತ್ತಾ ಓದುವ ದಾರಿ ಇದೆಯಾ?

ಕೋಟೆನಾಡ ಟೀಚರ್:
ಇದೆ ಅಕ್ಕ. ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಡಿಇಸಿಇ ಅನ್ನುವ, ಶಿಶು ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾ ಇದೆ. ಪಿಯುಸಿ ಆಗಿದ್ದರೆ ಸಾಕು. ಕನಿಷ್ಠ ಒಂದು ವರ್ಷ. ಜನವರಿ, ಜುಲೈ ಎರಡು ಸಲ ದಾಖಲಾತಿ. ಮಕ್ಕಳ ಆರೈಕೆ ಕೇಂದ್ರ ನಡೆಸುವುದು, ಮಕ್ಕಳ ಆರೋಗ್ಯ ಮತ್ತು ಆಹಾರ, ಮಕ್ಕಳಿಗಿರುವ ಸೇವೆಗಳು ಅಂತ ಮೂರು ವಿಷಯ. ನಾಲ್ಕನೆಯದು ಪ್ರಾಜೆಕ್ಟ್, ಅದರಲ್ಲಿ ಮಕ್ಕಳ ಜೊತೆ ಚಟುವಟಿಕೆ ಮಾಡಿ ಬರೆಯಬೇಕು. ನೀವು ನರ್ಸರಿಯಲ್ಲೇ ಇರುವುದರಿಂದ ಅದು ನಿಮಗೆ ಸುಲಭ. ಇಂಗ್ಲಿಷ್ ಪುಸ್ತಕ ನಿಧಾನವಾಗಿಯಾದರೂ ಓದಲು ಬರಬೇಕು. ಒಂದು ಸ್ಪಷ್ಟ ಇರಲಿ, ಇದು ವಿಶ್ವವಿದ್ಯಾಲಯದ ಡಿಪ್ಲೊಮಾ, ಎನ್‌ಸಿಟಿಇಯ ಡಿಪಿಎಸ್‌ಇಗೆ ಸಮ ಅಲ್ಲ. ಖಾಸಗಿ ನರ್ಸರಿಗೆ, ಡೇಕೇರಿಗೆ, ಸಂಸ್ಥೆಗಳ ಕೆಲಸಕ್ಕೆ ಒಳ್ಳೆಯದು.

ಓದುತ್ತಿರುವಾಗ ಒಂದು ಅಭ್ಯಾಸ ಇಟ್ಟುಕೊಳ್ಳಿ. ದಿನಕ್ಕೆ ಒಂದು ಮಗುವನ್ನು ಹತ್ತು ನಿಮಿಷ ನೋಡಿ, ಕಂಡದ್ದನ್ನು ಮಾತ್ರ ಬರೆಯಿರಿ. "ತುಂಟ" ಅಂತ ಬರೆಯಬೇಡಿ. "ಮೂರು ಸಲ ಎದ್ದು ಕಿಟಕಿ ಹತ್ತಿರ ಹೋದ, ಟ್ರ್ಯಾಕ್ಟರ್ ಸದ್ದು ಬಂದಾಗಲೆಲ್ಲ ಹೋದ" ಅಂತ ಬರೆಯಿರಿ. ಆ ನೋಟ್ ಪುಸ್ತಕ ಇಂಟರ್‌ವ್ಯೂಗೆ ತೆಗೆದುಕೊಂಡು ಹೋಗಿ.

ಎಂಸಿಸಿ ಬ್ಲಾಕ್ ನರ್ಸರಿ ನಡೆಸುವವರು:
ಅಂಥ ನೋಟ್ ಪುಸ್ತಕ ತಂದವರನ್ನು ನಾನಂತೂ ಬಿಡುವುದಿಲ್ಲ. ಸಂಬಳದ ಮಾತೂ ಹೇಳುತ್ತೇನೆ. ಡಿಪ್ಲೊಮಾ ಸಿಕ್ಕ ದಿನವೇ ಈಗಿನ ಶಾಲೆಯಲ್ಲಿ ಹೆಚ್ಚಿಗೆ ಕೇಳಿ. ಸಹಾಯಕಿ ಸಂಬಳದಲ್ಲಿ ಟೀಚರ್ ಕೆಲಸ ಮಾಡಿಸಿಕೊಳ್ಳುವುದು ಸರಿಯಲ್ಲ. ನಾವು ಶಾಲೆ ನಡೆಸುವವರೇ ಇದನ್ನು ಬದಲಾಯಿಸಬೇಕು. ಶನಿವಾರದ ಪೋಷಕರ ಸಭೆಯನ್ನೂ ಮಾಡುತ್ತೇನೆ, ಕಡಲೆಕಾಳು ತರಿಸಿಟ್ಟಿದ್ದೇನೆ.

ಜಗಳೂರು ಹುಡುಗಿ:
ನಾನೂ ಒಂದು ಕೇಳಲಾ? ಪಿಯುಸಿ ಆಗಿದೆ, ವಯಸ್ಸು 23. ನಮ್ಮೂರ ಅಂಗನವಾಡಿಯಲ್ಲಿ ಹುದ್ದೆ ಖಾಲಿ ಆಗುತ್ತದಂತೆ. ಕೋರ್ಸ್ ಮಾಡಿಕೊಂಡರೆ ಅನುಕೂಲ ಆಗುತ್ತದಾ? ಸಂಬಳ ಹೇಗೆ?

ಚಳ್ಳಕೆರೆ ನಿವೃತ್ತ ಮೇಲ್ವಿಚಾರಕಿ:
ಕೇಳಮ್ಮ, ಸಂಕೋಚ ಯಾಕೆ. ಕಾರ್ಯಕರ್ತೆ ಹುದ್ದೆಗೆ ಪಿಯುಸಿ ಬೇಕು, ವಯಸ್ಸು 19ರಿಂದ 35, ಅದೇ ಊರಿನವರಾಗಿರಬೇಕು. ಅರ್ಜಿ ಆನ್‌ಲೈನ್. ಅಧಿಸೂಚನೆಯಲ್ಲಿ ಯಾವ ಶಿಶು ತರಬೇತಿ ಕೋರ್ಸಿಗೆ ಆದ್ಯತೆ ಅಂತ ಬರೆದಿರುತ್ತಾರೆ. ಅದನ್ನು ಪೂರ್ತಿ ಓದಿ ಆಮೇಲೆ ಕೋರ್ಸಿಗೆ ದುಡ್ಡು ಕಟ್ಟು. ಅದು ಸಂಬಳ ಅಲ್ಲ, ಗೌರವಧನ. 2018ರಲ್ಲಿ ಕೇಂದ್ರ ಅದನ್ನು 4,500 ರೂಪಾಯಿ ಅಂತ ನಿಗದಿ ಮಾಡಿತು, ಅದರ ಮೇಲೆ ರಾಜ್ಯ ತನ್ನ ಕಡೆಯಿಂದ ಹೆಚ್ಚುವರಿ ಸೇರಿಸುತ್ತದೆ. ರಾಜ್ಯ 2025ರ ಬಜೆಟ್ಟಿನಲ್ಲಿ ಕಾರ್ಯಕರ್ತೆಯರಿಗೆ 1,000 ಹೆಚ್ಚಿಸಿತು. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಯಿಟಿ ಸಿಗಬೇಕು ಅಂತ ತೀರ್ಪು ಕೊಟ್ಟಿದೆ. ಮಾಡುವ ಕೆಲಸಕ್ಕೆ ಇದು ಇನ್ನೂ ಬಹಳ ಕಡಿಮೆ, ಅದಕ್ಕಾಗಿ ಹೋರಾಟ ನಡೆದೇ ಇದೆ.

ಅರ್ಜಿ ಹಾಕುವ ಮುಂಚೆ ಈಗಿನ ಕಾರ್ಯಕರ್ತೆಯನ್ನು ಕೇಳಿಕೊಂಡು ಕೆಲವು ದಿನ ಅಂಗನವಾಡಿಯಲ್ಲಿ ಕೂತು ನೋಡು. ಮಕ್ಕಳಿಗೆ ಒಂದು ಕಥೆ ಹೇಳು, ಊಟ ಬಡಿಸಲು ಕೈ ಜೋಡಿಸು, ತೋಳಿನ ಸುತ್ತಳತೆ ಅಳೆಯುವುದನ್ನು ಕಲಿತುಕೋ. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಗುವಿಗೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ, ತಕ್ಷಣ ಆಸ್ಪತ್ರೆಗೆ ತೋರಿಸಬೇಕು.

ಜಗಳೂರು ಹುಡುಗಿ:
ಸರಿ ಮೇಡಂ. ಕಾರ್ಯಕರ್ತೆ ನನ್ನ ಸೋದರತ್ತೆಯ ಗೆಳತಿ, ನಾಳೆಯೇ ಕೇಳುತ್ತೇನೆ.

ನಿಟ್ಟುವಳ್ಳಿ ಅಮ್ಮ:
ನಾನು ಡಿಇಸಿಇಗೆ ಅರ್ಜಿ ಹಾಕುತ್ತೇನೆ. ಡಯಟ್‌ಗೂ ಹೋಗಿ ಡಿಪಿಎಸ್‌ಇ ಪಟ್ಟಿ ಕೇಳಿಬರುತ್ತೇನೆ. ಚಿತ್ರದುರ್ಗದ ಕಡೆ ಎಲ್ಲಾದರೂ ಕಾಲೇಜು ಇದ್ದರೆ, ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಉಚಿತ, ಅರವತ್ತು ಕಿಲೋಮೀಟರ್ ದಿನಾ ಓಡಾಡಬಹುದಾ ಅಂತ ಮನೆಯವರ ಜೊತೆ ಮಾತಾಡುತ್ತಿದ್ದೇನೆ. ಪಟ್ಟಿ ಸಿಕ್ಕರೆ ಇಲ್ಲೇ ಹಾಕುತ್ತೇನೆ. ಮಾಂಟೆಸ್ಸರಿ ಕಲಿತ ತಂಗಿ, ನೀರು ಬಗ್ಗಿಸುವ ಚಟುವಟಿಕೆಗೆ ಎಷ್ಟು ದೊಡ್ಡ ಲೋಟ ಇಡಬೇಕು, ಎಷ್ಟು ನೀರು ಹಾಕಬೇಕು?

ಮಾಂಟೆಸ್ಸರಿ ಕಲಿತವಳು:
ಮಗುವಿನ ಕೈಗೆ ಸುಲಭವಾಗಿ ಸಿಗುವ ಎರಡು ಚಿಕ್ಕ ಜಗ್ ಸಾಕು ಅಕ್ಕ. ಶುರುವಿನಲ್ಲಿ ನೀರು ಬೇಡ, ಅಕ್ಕಿ ಹಾಕಿ. ಅದು ಚೆಲ್ಲದೆ ಬಂದ ಮೇಲೆ ನೀರು, ಅರ್ಧ ಜಗ್ಗಿಗಿಂತ ಕಡಿಮೆ. ಕೆಳಗೆ ಒಂದು ತಟ್ಟೆ, ಪಕ್ಕದಲ್ಲಿ ಒರೆಸುವ ಬಟ್ಟೆ. ಚೆಲ್ಲಿದಾಗ ನೀವು ಒರೆಸಬೇಡಿ, ಮಗುವೇ ಒರೆಸಲಿ.